ಸರ್ಕಸ್ಸಿನ ವಿದ್ಯೆಯೂ ಆತ್ಮವಿಶ್ವಾಸವೂ

ಜಾತ್ರೆಯ ಬಯಲಿನಲ್ಲಿ ಗಳಗಳನ್ನು ನೆಟ್ಟು, ಅವುಗಳ ನಡುವೆ ಬಿಗಿದ ಹಗ್ಗದ ಮೇಲೆ, ಕೈಯಲ್ಲೊಂದು ಉದ್ದನೆಯ ಬಿದಿರನ್ನು ಅಡ್ಡವಾಗಿ ಹಿಡಿದು ನಡೆದುಹೋಗುವ ದೊಂಬರ ಹುಡುಗಿಯನ್ನು ಕಂಡವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಕೆಳಗೆ ಡೋಲು ಬಾರಿಸುತ್ತಿರುತ್ತದೆ. ನೆರೆದವರು ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ. ಹುಡುಗಿಯ ಮುಖದಲ್ಲಿ ಮಾತ್ರ ಅಂಜಿಕೆಯ ಸುಳಿವಿರುವುದಿಲ್ಲ. ಅದೇ ವಯಸ್ಸಿನ ಇನ್ನೊಬ್ಬಳು ಪ್ರೌಢಶಾಲೆಯ ಕಡೆಯ ಬೆಂಚಿನಲ್ಲಿ ಕುಳಿತಿರುತ್ತಾಳೆ. ಗುರುಗಳು ಕೇಳಿದ ಪ್ರಶ್ನೆಗೆ ಉತ್ತರವನ್ನು ಆಕೆ ಬಲ್ಲಳು. ಆದರೆ ಎದ್ದು ನಿಂತು ಹೇಳಲಾರಳು. ಎದೆ ಡವಗುಟ್ಟುತ್ತದೆ, ನಾಲಗೆ ಒಣಗುತ್ತದೆ, ತಿಳಿದ ಉತ್ತರವೂ ಮರೆತುಹೋಗುತ್ತದೆ.

ಈ ಇಬ್ಬರಲ್ಲಿ ಒಬ್ಬಳಿಗೆ ಧೈರ್ಯವು ಎಲ್ಲಿಂದ ಬಂದಿತು? ಮತ್ತೊಬ್ಬಳಿಗೆ ಏಕೆ ಬರಲಿಲ್ಲ? ‘ಅದು ಹುಟ್ಟುಗುಣ’ ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಹಗ್ಗದ ಮೇಲಿನ ಹುಡುಗಿ ತಾಯಿಯ ಹೊಟ್ಟೆಯಿಂದಲೇ ಹಗ್ಗ ನಡೆಯುತ್ತ ಬಂದವಳಲ್ಲ. ಮೊದಲು ನೆಲದ ಮೇಲೆ, ಬಳಿಕ ಗೇಣೆತ್ತರದಲ್ಲಿ, ಆಮೇಲೆ ಮೊಳದೆತ್ತರದಲ್ಲಿ, ದಿನವೂ ಬಿದ್ದು ದಿನವೂ ಎದ್ದು ಆಕೆ ಆ ಎತ್ತರವನ್ನು ಮುಟ್ಟಿದ್ದಾಳೆ. ಆಕೆಯ ಧೈರ್ಯವು ಕಲಿಕೆಯ ಫಲ. ಹಾಗಿದ್ದರೆ ಅದನ್ನು ಶಾಲೆಯಲ್ಲಿಯೂ ಕಲಿಸಬಹುದೇ? ಜಗತ್ತಿನ ಹಲವು ದೇಶಗಳಲ್ಲಿ ಶಿಕ್ಷಕರೂ ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಚೆಂಡುಗಳನ್ನು ಸರತಿಯಾಗಿ ಎಸೆದು ಹಿಡಿಯುವುದು, ಹಗ್ಗದ ಮೇಲೆ ನಡೆಯುವುದು, ಲಾಗ ಹಾಕುವುದು, ಒಬ್ಬರ ಮೇಲೊಬ್ಬರು ನಿಂತು ಗೋಪುರ ಕಟ್ಟುವುದು ಮೊದಲಾದ ಸರ್ಕಸ್ಸಿನ ವಿದ್ಯೆಗಳನ್ನು ಪಾಠದ ವೇಳೆಯಲ್ಲಿಯೇ ಕಲಿಸುವ ಶಾಲೆಗಳು ಇಂದು ಉಂಟು. ಈ ವಿದ್ಯೆಗಳ ಹಿಂದಿರುವ ವಿಜ್ಞಾನವೇನು, ಅವುಗಳಿಂದ ಎಳೆಯರ ಆತ್ಮವಿಶ್ವಾಸ ಬೆಳೆಯುವುದು ನಿಜವೇ, ನಮ್ಮ ಹಳ್ಳಿಯ ಶಾಲೆಗಳಲ್ಲಿ ಇದು ಸಾಧ್ಯವೇ ಎಂಬುದನ್ನು ಈಗ ವಿಚಾರಿಸೋಣ.

ಹಾನಗಲ್ಲು ಸೀಮೆಯ ಹಳೆಯ ಸಾಧನೆ

ಉದಾಹರಣೆಗೆಂದು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಳ್ಳುವೆವು. ಉತ್ತರದಲ್ಲಿ ಶಿಗ್ಗಾಂವಿ ಮತ್ತು ಸವಣೂರು, ಪಶ್ಚಿಮದಲ್ಲಿ ಮಲೆನಾಡಿನ ಸೆರಗಿಗೆ ತಾಗಿದ ಹಾನಗಲ್ಲು, ದಕ್ಷಿಣದಲ್ಲಿ ಹಿರೇಕೆರೂರು. ಇವು ಹೊಲಗದ್ದೆಗಳ ನಾಡು. ಶಾಲೆಗಳಲ್ಲಿ ಬಯಲಿಗೆ ಕೊರತೆಯಿಲ್ಲ, ಹಣಕ್ಕೆ ಮಾತ್ರ ಕೊರತೆ. ಸರ್ಕಸ್ಸು ಎಂಬುದು ಇಂಥ ಊರಿಗೆ ಹೊರಗಿನಿಂದ ತರಬೇಕಾದ ವಸ್ತುವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಅದರ ಬೇರುಗಳು ಈ ನೆಲದಲ್ಲಿಯೇ ಇವೆ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹಾನಗಲ್ಲಿಗೆ ಪಾನುಂಗಲ್ಲು ಎಂದು ಹೆಸರು. ಕದಂಬರ ಒಂದು ಶಾಖೆಯವರು ಚಾಲುಕ್ಯರ ಸಾಮಂತರಾಗಿ ಅಲ್ಲಿ ಆಳುತ್ತಿದ್ದರು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮಲ್ಲರ ವಿನೋದವನ್ನು ವಿವರಿಸುವಾಗ, ಜಟ್ಟಿಗಳು ಕಂಬವೊಂದನ್ನು ಹಿಡಿದು ಮಾಡುವ ವ್ಯಾಯಾಮದ ಮಾತೂ ಬರುತ್ತದೆ. ಇಂದಿನ ಮಲ್ಲಕಂಬಕ್ಕೆ ಇದನ್ನೇ ಹಳೆಯ ಆಧಾರವೆಂದು ಹೇಳುತ್ತಾರೆ. ಬಹುಕಾಲ ಮರೆವಿಗೆ ಸಂದಿದ್ದ ಈ ವಿದ್ಯೆಯನ್ನು ೧೯ನೆಯ ಶತಮಾನದ ಆರಂಭದಲ್ಲಿ ಎರಡನೆಯ ಬಾಜೀರಾಯ ಪೇಶ್ವೆಯ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರು ಮತ್ತೆ ಬೆಳಕಿಗೆ ತಂದರು. ೧೯೩೬ರಲ್ಲಿ ಅಮರಾವತಿಯ ವ್ಯಾಯಾಮ ಮಂಡಳಿಯವರು ಬರ್ಲಿನ್ ನಗರದಲ್ಲಿ ಇದನ್ನು ಪ್ರದರ್ಶಿಸಿ ಹೊರದೇಶದವರ ಮೆಚ್ಚುಗೆ ಗಳಿಸಿದರು. ೨೦೧೯ರಲ್ಲಿ ಮುಂಬಯಿಯಲ್ಲಿ ಇದರ ಪ್ರಥಮ ವಿಶ್ವ ಸ್ಪರ್ಧೆ ನಡೆಯಿತು. ಸವಣೂರು ಶಿಗ್ಗಾಂವಿಗಳಿಗೆ ನೆರೆಯ ಊರಾದ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಬಾಲಕ ಬಾಲಕಿಯರು ಮಲ್ಲಕಂಬದಲ್ಲಿ ಹೆಸರು ಪಡೆದವರು. ಹರಳೆಣ್ಣೆ ಸವರಿದ ನುಣುಪಾದ ಕಂಬದ ಮೇಲೆ, ಇಲ್ಲವೆ ಮೇಲಿಂದ ಇಳಿಬಿಟ್ಟ ಹಗ್ಗದ ಮೇಲೆ, ಅವರು ತೋರಿಸುವ ಆಸನಗಳು ಯಾವ ಸರ್ಕಸ್ಸಿನ ಆಟಕ್ಕೂ ಕಡಿಮೆಯಿಲ್ಲ.

ಇನ್ನು ಗರಡಿಮನೆಯ ಸಾಮು, ಜಾತ್ರೆಯ ಮರಗಾಲು ಕುಣಿತ, ಜಡೆ ಕೋಲಾಟ, ಹೆಣ್ಣುಮಕ್ಕಳ ಅಣ್ಣೆಕಲ್ಲಾಟ ಇವೆಲ್ಲ ಇದೇ ಬಳಗಕ್ಕೆ ಸೇರಿದವು. ಕಟ್ಟೆಯ ಮೇಲೆ ಕುಳಿತು ಒಂದು ಕಲ್ಲನ್ನು ಮೇಲಕ್ಕೆ ಚಿಮ್ಮಿ, ಅದು ಇಳಿಯುವುದರೊಳಗೆ ನೆಲದ ಕಲ್ಲುಗಳನ್ನು ಬಾಚಿಕೊಳ್ಳುವ ಹುಡುಗಿಯು, ಸರ್ಕಸ್ಸಿನ ಕೈಚಳಕದ ಮೊದಲ ಪಾಠವನ್ನು ತನಗರಿಯದಂತೆಯೇ ಮುಗಿಸಿರುತ್ತಾಳೆ.

ಇದೇ ಸೀಮೆಯಲ್ಲಿ ಧೈರ್ಯದ ಹೆಸರಿನಲ್ಲಿ ನಡೆಯುವ ಇನ್ನೊಂದು ಆಟವೂ ಇದೆ. ದೀಪಾವಳಿಯ ಬಳಿಕ ಊರೂರುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಜರುಗುತ್ತವೆ. ಕೊಬ್ಬರಿಯ ಹಾರ ತೊಟ್ಟು ಜನರ ನಡುವೆ ನುಗ್ಗಿಬರುವ ಹೋರಿಯನ್ನು ತಡೆಯಲು ತರುಣರು ಎದೆಯೊಡ್ಡುತ್ತಾರೆ; ಸಾವುನೋವುಗಳೂ ಸಂಭವಿಸಿವೆ. ಹಬ್ಬದ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಳತೆಯಿಲ್ಲದ ಅಪಾಯಕ್ಕೆ ಮೈಯೊಡ್ಡುವ ಸಾಹಸವೇ ಬೇರೆ, ತನ್ನ ಅಳವನ್ನು ತಾನರಿತು ಒಂದೊಂದೇ ಹೆಜ್ಜೆ ಮುಂದಿಡುವ ಆತ್ಮವಿಶ್ವಾಸವೇ ಬೇರೆ. ಮೊದಲನೆಯದಕ್ಕೆ ನೋಡುವವರ ಕೇಕೆ ಬೇಕು. ಎರಡನೆಯದಕ್ಕೆ ಅಭ್ಯಾಸ ಬೇಕು. ಈ ಭೇದವನ್ನು ಹದಿನೈದರ ಹರೆಯದಲ್ಲಿಯೇ ಮೈಯಿಂದ ಕಲಿಯುವುದು ಒಳ್ಳೆಯದು.

ಶಾಲೆಯಿಂದ ಹೊರಟ ಸರ್ಕಸ್ಸು

ಭಾರತದ ಸರ್ಕಸ್ಸಿನ ಕಥೆಯಲ್ಲಿ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಯೊಂದಿದೆ. ಮಹಾರಾಷ್ಟ್ರದ ವಿಷ್ಣುಪಂತ ಛತ್ರೆಯವರು ೧೮೮೦ರಲ್ಲಿ ಮುಂಬಯಿಯಲ್ಲಿ ‘ಗ್ರೇಟ್ ಇಂಡಿಯನ್ ಸರ್ಕಸ್’ ಎಂಬ ತಮ್ಮ ಮಂಡಳಿಯ ಪ್ರದರ್ಶನ ನೀಡಿದರು. ಸಂಚಾರ ಮಾಡುತ್ತ ಅವರು ಮಲಬಾರಿನ ತಲಶ್ಶೇರಿಗೆ ಬಂದಾಗ ಅಲ್ಲಿ ಕೀಲೇರಿ ಕುಞ್ಞಿಕಣ್ಣನ್ ಎಂಬವರ ಪರಿಚಯವಾಯಿತು. ಇವರು ಬಾಸೆಲ್ ಮಿಶನ್ ಶಾಲೆಯಲ್ಲಿ ವ್ಯಾಯಾಮದ ಶಿಕ್ಷಕರು; ಕಳರಿ ವಿದ್ಯೆಯನ್ನು ಬಲ್ಲವರು. ಛತ್ರೆಯವರ ಕೋರಿಕೆಯಂತೆ ಅವರು ತರುಣರನ್ನು ತರಬೇತುಗೊಳಿಸತೊಡಗಿದರು. ೧೯೦೧ರಲ್ಲಿ ತಲಶ್ಶೇರಿಯ ಬಳಿಯ ಚಿರಕ್ಕರದಲ್ಲಿ ಸರ್ಕಸ್ಸಿಗೆಂದೇ ಒಂದು ಶಾಲೆಯನ್ನು ತೆರೆದರು. ನಮ್ಮ ದೇಶದ ಹೆಸರಾಂತ ಸರ್ಕಸ್ ಕಲಾವಿದರಲ್ಲಿ ಬಹಳ ಮಂದಿ ಆ ಊರಿನ ಪರಂಪರೆಗೆ ಸೇರಿದವರು. ಎಂದರೆ, ಭಾರತೀಯ ಸರ್ಕಸ್ಸಿನ ಗುರುಪೀಠವು ಶಾಲೆಯ ವ್ಯಾಯಾಮದ ಅಂಗಳದಿಂದಲೇ ಹೊರಟಿತು. ಅದನ್ನು ಶಾಲೆಗೆ ಮರಳಿ ತರುವುದು ಹೊಸ ಮಾತೇನೂ ಅಲ್ಲ.

ಆದರೆ ಈ ಕಥೆಗೆ ಕತ್ತಲೆಯ ಬದಿಯೂ ಉಂಟು. ಬಡ ಮಕ್ಕಳನ್ನು ಎಳೆವೆಯಲ್ಲಿಯೇ ತಂದೆತಾಯಿಗಳಿಂದ ಬೇರ್ಪಡಿಸಿ ಡೇರೆಗಳಲ್ಲಿ ದುಡಿಸಿದ ಪ್ರಕರಣಗಳು ಅನೇಕ. ೨೦೧೧ರ ಏಪ್ರಿಲ್ ೧೮ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸುಗಳಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು. ಇದು ನ್ಯಾಯವಾದ ತೀರ್ಪು. ಆದುದರಿಂದ ನಾವು ಇಲ್ಲಿ ಹೇಳುತ್ತಿರುವುದು ಮಕ್ಕಳಿಂದ ಸರ್ಕಸ್ಸು ಆಡಿಸುವ ಮಾತಲ್ಲ, ಸರ್ಕಸ್ಸಿನ ವಿದ್ಯೆಯಿಂದ ಮಕ್ಕಳಿಗೆ ಕಲಿಸುವ ಮಾತು. ಅಲ್ಲಿ ಟಿಕೇಟಿಲ್ಲ, ದುಡಿಮೆಯಿಲ್ಲ. ಮಗುವು ಯಾವಾಗ ಬೇಕಾದರೂ ‘ಒಲ್ಲೆ’ ಎನ್ನಬಹುದು.

ಸಮತೋಲನದ ಗುಟ್ಟು

ಈಗ ವಿಜ್ಞಾನಕ್ಕೆ ಬರೋಣ. ಓದುಗರು ಒಂದು ಸಣ್ಣ ಪ್ರಯೋಗವನ್ನು ಮಾಡಬೇಕು. ಗೋಡೆಯ ಸಮೀಪದಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲಿರಿ. ಕಣ್ಣು ತೆರೆದಿರುವಾಗ ಕಷ್ಟವೆನಿಸುವುದಿಲ್ಲ. ಈಗ ಕಣ್ಣು ಮುಚ್ಚಿರಿ. ಕೆಲವೇ ಕ್ಷಣಗಳಲ್ಲಿ ಪಾದವು ಅತ್ತಿತ್ತ ತೊನೆಯತೊಡಗುತ್ತದೆ. ಕೈಗಳು ತಾವಾಗಿಯೇ ಚಾಚಿಕೊಳ್ಳುತ್ತವೆ.

ಇದಕ್ಕೆ ಕಾರಣವೇನು? ನಮ್ಮ ದೇಹವು ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ವರ್ತಮಾನವನ್ನು ಪಡೆಯುತ್ತದೆ. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿ. ಅಲ್ಲಿ ಮೂರು ಅರ್ಧವರ್ತುಲ ನಾಳಗಳು ಒಂದಕ್ಕೊಂದು ಸುಮಾರಾಗಿ ಲಂಬವಾಗಿ ನಿಂತಿವೆ. ತಲೆಯು ತಿರುಗಿದಾಗ ಅವುಗಳೊಳಗಿನ ದ್ರವವು ಹಿಂದುಳಿದು, ಸೂಕ್ಷ್ಮವಾದ ರೋಮಗಳನ್ನು ಬಾಗಿಸುತ್ತದೆ. ಅದರಿಂದ ತಿರುಗಿದ ದಿಕ್ಕು ಮಿದುಳಿಗೆ ತಿಳಿಯುತ್ತದೆ. ಪಕ್ಕದಲ್ಲಿರುವ ಎರಡು ಚೀಲಗಳಲ್ಲಿ ಸುಣ್ಣದ ಸೂಕ್ಷ್ಮ ಕಣಗಳಿದ್ದು, ತಲೆಯು ಯಾವ ಕಡೆಗೆ ವಾಲಿದೆಯೆಂಬುದನ್ನು ಅವು ಸೂಚಿಸುತ್ತವೆ. ಮೂರನೆಯದಾಗಿ ಅಂಗಾಲಿನ ಚರ್ಮ, ಸ್ನಾಯುಗಳು ಮತ್ತು ಕೀಲುಗಳು ತಮ್ಮ ಸ್ಥಿತಿಯನ್ನು ಎಡೆಬಿಡದೆ ತಿಳಿಸುತ್ತಿರುತ್ತವೆ. ಈ ಮೂರನ್ನೂ ಕೂಡಿಸಿ, ಬೀಳುವ ಮೊದಲೇ ತಿದ್ದಿಕೊಳ್ಳುವುದನ್ನು ಮಿದುಳು ಅಭ್ಯಾಸದಿಂದ ಕಲಿಯುತ್ತದೆ. ಹಗ್ಗದ ಮೇಲೆ ನಡೆಯುವವರು ಅಲುಗಾಡದೆ ನಿಂತಿರುತ್ತಾರೆಂದು ನಾವು ತಿಳಿದಿರುತ್ತೇವೆ. ನಿಜದಲ್ಲಿ ಅವರು ಪ್ರತಿಕ್ಷಣವೂ ಬೀಳುತ್ತಿರುತ್ತಾರೆ, ಪ್ರತಿಕ್ಷಣವೂ ತಿದ್ದಿಕೊಳ್ಳುತ್ತಿರುತ್ತಾರೆ.

ಹಾಗಾದರೆ ಕೈಯಲ್ಲಿ ಬಿದಿರೇಕೆ? ಒಂದು ವಸ್ತುವನ್ನು ತಿರುಗಿಸಲು ಹೊರಟಾಗ ಅದು ತೋರುವ ವಿರೋಧಕ್ಕೆ ಭ್ರಮಣ ಜಡತ್ವವೆಂದು ಹೆಸರು. ತೂಕವು ಮಧ್ಯದಿಂದ ದೂರದಲ್ಲಿದ್ದಷ್ಟೂ ಈ ವಿರೋಧ ಹೆಚ್ಚು. ಒಂದೇ ತೂಕದ ಬಿದಿರಿನ ಉದ್ದವನ್ನು ಇಮ್ಮಡಿಗೊಳಿಸಿದರೆ ಅದರ ಭ್ರಮಣ ಜಡತ್ವವು ನಾಲ್ಮಡಿಯಾಗುತ್ತದೆ. ೩೦ ಕಿಲೋಗ್ರಾಂ ತೂಗುವ ಮಗುವು ೬ ಮೀಟರ್ ಉದ್ದದ, ೬ ಕಿಲೋಗ್ರಾಂ ತೂಕದ ಬಿದಿರನ್ನು ಹಿಡಿದರೆ, ಪಕ್ಕಕ್ಕೆ ಉರುಳುವುದಕ್ಕೆ ಅದರ ದೇಹವು ತೋರುವ ವಿರೋಧವು ಸುಮಾರಾಗಿ ಎರಡರಷ್ಟಾಗುತ್ತದೆಂದು ಲೆಕ್ಕ ಹಾಕಬಹುದು. ಮಗುವು ವಾಲುವುದು ನಿಧಾನವಾಗುತ್ತದೆ; ತಿದ್ದಿಕೊಳ್ಳಲು ವೇಳೆ ಸಿಗುತ್ತದೆ. ಬಿದಿರು ಬೀಳುವಿಕೆಯನ್ನು ನಿಲ್ಲಿಸುವುದಿಲ್ಲ, ಕಾಲಾವಕಾಶವನ್ನು ಕೊಡುತ್ತದೆ. ಒಳ್ಳೆಯ ಶಿಕ್ಷಕನು ಮಾಡುವುದೂ ಇದನ್ನೇ ಅಲ್ಲವೇ?

ಮೂರು ಚೆಂಡುಗಳ ಲೆಕ್ಕ

ಎರಡು ಕೈಗಳಲ್ಲಿ ಮೂರು ಚೆಂಡುಗಳನ್ನು ಆಡಿಸುವುದು ಇನ್ನೊಂದು ವಿದ್ಯೆ. ಕೈಗಳು ಎರಡೇ ಆದ್ದರಿಂದ ಒಂದು ಚೆಂಡಾದರೂ ಗಾಳಿಯಲ್ಲಿ ಇರಲೇಬೇಕು. ಮೇಲಕ್ಕೆಸೆದ ಚೆಂಡು ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆಂಬುದು ಎತ್ತರವನ್ನು ಅವಲಂಬಿಸಿದೆ. ಕೈಯಿಂದ ೨೫ ಸೆಂಟಿಮೀಟರ್ ಮೇಲೇರಿದ ಚೆಂಡು ಸುಮಾರು ೦.೪೫ ಸೆಕೆಂಡಿನಲ್ಲಿ ಮರಳುತ್ತದೆ. ೫೦ ಸೆಂಟಿಮೀಟರ್ ಏರಿದರೆ ೦.೬೪ ಸೆಕೆಂಡು; ೧ ಮೀಟರ್ ಏರಿದರೆ ೦.೯ ಸೆಕೆಂಡು. ಕಾಲವು ಎರಡರಷ್ಟಾಗಬೇಕಾದರೆ ಎತ್ತರವು ನಾಲ್ಕರಷ್ಟಾಗಬೇಕು.

ಮಾಹಿತಿ ಸಿದ್ಧಾಂತದ ಜನಕನೆನಿಸಿದ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ಸ್ವತಃ ಈ ಆಟವನ್ನು ಆಡುತ್ತಿದ್ದನು. ೧೯೮೦ರ ಸುಮಾರಿಗೆ ಅವನು ಇದಕ್ಕೊಂದು ಸಮೀಕರಣವನ್ನು ಕೊಟ್ಟನು. ಚೆಂಡು ಹಾರುವ ಕಾಲಕ್ಕೆ ಅದು ಕೈಯಲ್ಲಿರುವ ಕಾಲವನ್ನು ಕೂಡಿಸಿ ಕೈಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಮೊತ್ತವೂ, ಕೈ ಬರಿದಾಗಿರುವ ಕಾಲಕ್ಕೆ ಚೆಂಡು ಕೈಯಲ್ಲಿರುವ ಕಾಲವನ್ನು ಕೂಡಿಸಿ ಚೆಂಡುಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಮೊತ್ತವೂ ಒಂದೇ. ಪ್ರತಿ ಚೆಂಡೂ ೦.೩ ಸೆಕೆಂಡು ಕೈಯಲ್ಲಿರುತ್ತದೆಂದು ಇಟ್ಟುಕೊಳ್ಳೋಣ. ೫೦ ಸೆಂಟಿಮೀಟರ್ ಎತ್ತರಕ್ಕೆ ಎಸೆಯುವವನ ಕೈಗೆ ಒಂದು ಚೆಂಡನ್ನು ಬಿಟ್ಟು ಮತ್ತೊಂದನ್ನು ಹಿಡಿಯುವುದರ ನಡುವೆ ಸುಮಾರು ೦.೩೩ ಸೆಕೆಂಡು ಬಿಡುವು ಸಿಗುತ್ತದೆ. ಅಂಜಿಕೆಯಿಂದ ಕೈ ಹಿಡಿದು ೨೫ ಸೆಂಟಿಮೀಟರಿಗಷ್ಟೇ ಎಸೆದವನಿಗೆ ಸಿಗುವುದು ೦.೨ ಸೆಕೆಂಡು ಮಾತ್ರ. ಅಂಜಿದಷ್ಟೂ ಎಸೆತ ಕುಗ್ಗುತ್ತದೆ. ಎಸೆತ ಕುಗ್ಗಿದಷ್ಟೂ ಅವಸರ ಹೆಚ್ಚುತ್ತದೆ. ಅವಸರದಿಂದ ಚೆಂಡು ಬೀಳುತ್ತದೆ. ಬಿದ್ದುದನ್ನು ಕಂಡು ಅಂಜಿಕೆ ಇಮ್ಮಡಿಯಾಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ನಡೆಯುವುದೂ ಇದೇ ಬಗೆಯ ಸುಳಿ. ಆದರೆ ಇಲ್ಲಿ ಅದನ್ನು ಕಣ್ಣಿಂದ ಕಾಣಬಹುದು, ಸ್ವಲ್ಪ ಎತ್ತರಕ್ಕೆ ಎಸೆದು ಬಿಡಿಸಿಕೊಳ್ಳಲೂಬಹುದು.

ಅಭ್ಯಾಸವು ಕೈಯಲ್ಲಿ ಮಾತ್ರವಲ್ಲ, ಮಿದುಳಿನಲ್ಲಿಯೂ ಗುರುತು ಬಿಡುತ್ತದೆ. ಜರ್ಮನಿಯ ರೇಗೆನ್ಸ್‌ಬರ್ಗಿನ ಸಂಶೋಧಕರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ೨೪ ಮಂದಿ ಭಾಗವಹಿಸಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ೩ ತಿಂಗಳಲ್ಲಿ ಮೂರು ಚೆಂಡಿನ ಆಟವನ್ನು ಕಲಿತರು. ಕಲಿತವರ ಮಿದುಳಿನಲ್ಲಿ, ಚಲಿಸುವ ವಸ್ತುಗಳನ್ನು ಗ್ರಹಿಸುವ ಭಾಗದ ಬೂದು ದ್ರವ್ಯವು ತುಸು ಹೆಚ್ಚಿದುದು ಚಿತ್ರಗಳಲ್ಲಿ ಕಂಡಿತು. ಮುಂದೆ ೩ ತಿಂಗಳು ಆಟವನ್ನು ಬಿಟ್ಟಾಗ ಆ ಹೆಚ್ಚಳವು ಇಳಿಯಿತು. ೨೦೦೯ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ೬ ವಾರಗಳ ಅಭ್ಯಾಸದ ಬಳಿಕ ಮಿದುಳಿನ ಬಿಳಿ ದ್ರವ್ಯದಲ್ಲಿಯೂ ಬದಲಾವಣೆಯನ್ನು ಕಂಡರು. ಸ್ವಾರಸ್ಯವೇನೆಂದರೆ, ಆಟದಲ್ಲಿ ಚತುರರಾದವರಲ್ಲಿಯೂ ತಡವರಿಸುತ್ತಿದ್ದವರಲ್ಲಿಯೂ ಆ ಬದಲಾವಣೆ ಇತ್ತು. ಫಲವು ಕೈಗೆ ಹತ್ತುವ ಮೊದಲೇ ಪ್ರಯತ್ನವು ಮಿದುಳಿನೊಳಗೆ ತನ್ನ ಕೆಲಸವನ್ನು ಆರಂಭಿಸಿರುತ್ತದೆ. ಈ ಪ್ರಯೋಗಗಳು ವಯಸ್ಕರ ಮೇಲೆ ನಡೆದವು. ಆದರೂ ‘ನನ್ನಿಂದಾಗದು’ ಎಂದು ಎರಡನೆಯ ದಿನವೇ ಕೈಬಿಡುವ ವಿದ್ಯಾರ್ಥಿಯು ಇದನ್ನು ನೆನಪಿಡಬೇಕು.

ಆತ್ಮವಿಶ್ವಾಸವು ಹೇಗೆ ಬೆಳೆಯುತ್ತದೆ?

‘ಧೈರ್ಯವಾಗಿರು’ ಎಂದು ಹೇಳುವುದರಿಂದ ಯಾರಿಗೂ ಧೈರ್ಯ ಬಾರದು. ಮನಶ್ಶಾಸ್ತ್ರಜ್ಞನಾದ ಆಲ್ಬರ್ಟ್ ಬಂಡೂರಾ ೧೯೭೭ರಲ್ಲಿ ಈ ವಿಷಯವಾಗಿ ಒಂದು ಸಿದ್ಧಾಂತವನ್ನು ಮಂಡಿಸಿದನು. ‘ಈ ಕೆಲಸವನ್ನು ನಾನು ಮಾಡಬಲ್ಲೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆಯೆಂದು ಅವನ ಮತ: ತಾನೇ ಮಾಡಿ ಸಾಧಿಸಿದ ಅನುಭವ, ತನ್ನಂಥವರೇ ಸಾಧಿಸುವುದನ್ನು ಕಾಣುವುದು, ಬಲ್ಲವರ ಪ್ರೋತ್ಸಾಹದ ಮಾತು, ಎದೆಬಡಿತ, ಬೆವರು ಮೊದಲಾದ ದೇಹದ ಸ್ಥಿತಿಯನ್ನು ತಾನು ಅರ್ಥೈಸುವ ರೀತಿ. ಇವುಗಳಲ್ಲಿ ಮೊದಲನೆಯದೇ ಬಲವಾದುದು. ಹಾವಿನ ಹೆಸರೆತ್ತಿದರೆ ನಡುಗುವವರ ಮೇಲೆ ಅವನೂ ಸಂಗಡಿಗರೂ ಪ್ರಯೋಗ ನಡೆಸಿದ್ದರು. ಪರರು ಹಾವನ್ನು ಹಿಡಿಯುವುದನ್ನು ಬರಿದೆ ನೋಡಿದವರಿಗಿಂತ, ಬಲ್ಲವರ ನೆರವಿನಿಂದ ಹಂತಹಂತವಾಗಿ ತಾವೇ ಹತ್ತಿರ ಹೋಗಿ ಮುಟ್ಟಿದವರ ಅಂಜಿಕೆಯು ಹೆಚ್ಚಾಗಿ ನಿವಾರಣೆಯಾಯಿತು.

ಸರ್ಕಸ್ಸಿನ ವಿದ್ಯೆಯಲ್ಲಿ ಈ ನಾಲ್ಕು ಮೂಲಗಳೂ ಒಂದೆಡೆ ಕೂಡಿರುವುದನ್ನು ಗಮನಿಸಿರಿ. ಒಂದು ಚೆಂಡು, ಎರಡು, ಮೂರು ಎಂದು ಮೆಟ್ಟಿಲುಗಳು ಸ್ಪಷ್ಟವಾಗಿವೆ. ಏರಿದೆನೋ ಇಲ್ಲವೋ ಎಂಬುದನ್ನು ಇನ್ನೊಬ್ಬರು ಹೇಳಬೇಕಾಗಿಲ್ಲ. ಪಕ್ಕದಲ್ಲಿ ತನ್ನದೇ ತರಗತಿಯ ಗೆಳತಿ ನಿನ್ನೆ ಬೀಳಿಸಿದ್ದನ್ನು ಇಂದು ಹಿಡಿಯುತ್ತಾಳೆ. ಶಿಕ್ಷಕರ ಮಾತು ‘ಸ್ವಲ್ಪ ಎತ್ತರಕ್ಕೆ ಎಸೆ’ ಎಂಬ ಖಚಿತವಾದ ಸಲಹೆಯಾಗಿರುತ್ತದೆ. ಹಲಗೆಯ ಮೇಲೆ ನಿಂತಾಗ ಎದೆ ಡವಗುಟ್ಟಿದರೂ ಹೆಜ್ಜೆ ಇಡಬಹುದೆಂಬುದು ಮೈಗೆ ತಿಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿ ಬೀಳುವುದು ಅವಮಾನವಲ್ಲ. ಚೆಂಡನ್ನು ನೂರು ಸಲ ಬೀಳಿಸದೆ ಯಾರೂ ಕಲಿತಿಲ್ಲ. ತರಗತಿಯ ಪ್ರಥಮ ಸ್ಥಾನದವನೂ ಕಡೆಯವನೂ ಬಗ್ಗಿ ಬಗ್ಗಿ ನೆಲದಿಂದ ಚೆಂಡನ್ನು ಹೆಕ್ಕಬೇಕು. ವರ್ಷಕ್ಕೊಮ್ಮೆ ಬರುವ ಪರೀಕ್ಷೆಯಲ್ಲಿ ಒಂದು ಸೋಲು ವರ್ಷವಿಡೀ ಬೆನ್ನು ಹತ್ತುತ್ತದೆ. ಈ ಅಂಗಳದಲ್ಲಿ ಸೋಲಿನ ಆಯುಸ್ಸು ಒಂದು ಸೆಕೆಂಡು.

ಇದೆಲ್ಲ ಊಹೆಯೇ, ಅಥವಾ ಪರೀಕ್ಷಿಸಿ ನೋಡಿದವರುಂಟೇ? ಕೆನಡಾದಲ್ಲಿ ಡೀನ್ ಕ್ರಿಯೆಲಾರ್ಸ್ ಮತ್ತು ಸಂಗಡಿಗರು ೨೦೧೯ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ವ್ಯಾಯಾಮದ ಪಾಠದಲ್ಲಿ ಸರ್ಕಸ್ ಕಲೆಯನ್ನು ಅಳವಡಿಸಿಕೊಂಡ ಶಾಲೆಗಳ ೪ ಮತ್ತು ೫ನೆಯ ತರಗತಿಯ ಮಕ್ಕಳನ್ನು, ವಾಡಿಕೆಯ ವ್ಯಾಯಾಮವಿದ್ದ ಶಾಲೆಗಳ ಮಕ್ಕಳೊಡನೆ ಅವರು ಹೋಲಿಸಿದರು. ಓಟ, ಎಸೆತ, ಸಮತೋಲನ ಮೊದಲಾದ ಚಲನೆಯ ಕೌಶಲಗಳಲ್ಲಿ ಸರ್ಕಸ್ ಕಲಿತವರ ಪ್ರಗತಿ ಹೆಚ್ಚಾಗಿತ್ತು. ೫ನೆಯ ತರಗತಿಯಲ್ಲಿ ಬಾಲಕ ಬಾಲಕಿಯರ ನಡುವಣ ಅಂತರವೂ ಕಡಿಮೆಯಾಗಿತ್ತು. ಆದರೆ ಯಾವ ಶಾಲೆಗೆ ಯಾವ ಪಾಠವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಆದುದರಿಂದ ಈ ಫಲವನ್ನು ಕೊನೆಯ ಮಾತೆಂದು ತಿಳಿಯಬಾರದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬಂಡೂರಾ ಹೇಳಿದ ನಂಬಿಕೆಯು ಒಂದೊಂದು ಕೆಲಸಕ್ಕೆ ಅಂಟಿಕೊಂಡುದು. ಹಗ್ಗದ ಮೇಲೆ ನಡೆದವಳಿಗೆ ಬೀಜಗಣಿತವು ತಾನಾಗಿಯೇ ಸುಲಭವಾಗದು. ‘ಮೂರನೆಯ ಚೆಂಡನ್ನು ಹೇಗೆ ಕಲಿತೆ? ಎಲ್ಲಿ ತಡವರಿಸಿದೆ? ಆ ತೊಡಕನ್ನು ಎಷ್ಟು ತುಂಡು ಮಾಡಿಕೊಂಡೆ? ಈ ಲೆಕ್ಕವನ್ನೂ ಹಾಗೆಯೇ ತುಂಡು ಮಾಡೋಣ’ ಎಂದು ಶಿಕ್ಷಕರು ಕೈಹಿಡಿದು ದಾಟಿಸಿದರೆ ಮಾತ್ರ ಒಂದು ಅಂಗಳದ ಧೈರ್ಯವು ಇನ್ನೊಂದಕ್ಕೆ ಬರುತ್ತದೆ.

ನಮ್ಮ ಶಾಲೆಯ ಅಂಗಳದಲ್ಲಿ

ಇದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ. ಹಳೆಯ ಬಟ್ಟೆಯ ಅಂಗೈಯಗಲದ ಚೀಲಗಳಲ್ಲಿ ಗೋವಿನಜೋಳವನ್ನು ತುಂಬಿ ಹೊಲಿದರೆ ಚೆಂಡುಗಳು ಸಿದ್ಧ. ರಬ್ಬರಿನ ಚೆಂಡಿಗಿಂತ ಇವು ಮೇಲು. ಬಿದ್ದಲ್ಲಿಯೇ ಬಿದ್ದಿರುತ್ತವೆ, ಉರುಳಿ ಓಡುವುದಿಲ್ಲ. ತೀರ ಹೊಸಬರು ತೆಳುವಾದ ಕರವಸ್ತ್ರಗಳಿಂದ ಆರಂಭಿಸಬಹುದು. ಗಾಳಿಯ ತಡೆಯಿಂದ ಅವು ಮೆಲ್ಲಗೆ ಇಳಿಯುವುದರಿಂದ ಹಿಡಿಯಲು ಬೇಕಾದಷ್ಟು ವೇಳೆಯಿರುತ್ತದೆ. ನೆಲದ ಮೇಲೆ ಹಾಸಿದ ಹಗ್ಗ, ಬಳಿಕ ಇಟ್ಟಿಗೆಗಳ ಮೇಲಿಟ್ಟ ಹಲಗೆ, ಗೇಣೆತ್ತರದ ಮೆಟ್ಟು ಕಟ್ಟಿದ ಬಿದಿರಿನ ಮರಗಾಲು: ಇವಿಷ್ಟೇ ಸಾಮಗ್ರಿ.

ಸುರಕ್ಷತೆಯ ನಿಯಮಗಳನ್ನು ಮಾತ್ರ ಸಡಿಲಿಸಬಾರದು. ಮೊದಲ ಪಾಠವೇ ಬೀಳುವ ಪಾಠವಾಗಿರಬೇಕು. ಮೇಲಿನಿಂದ ಧುಮುಕಿದ ದೇಹವು ಮೊಣಕಾಲನ್ನು ನೆಟ್ಟಗಿಟ್ಟು ೩ ಸೆಂಟಿಮೀಟರಿನಲ್ಲಿ ನಿಲ್ಲುವುದಕ್ಕೂ, ಮೊಣಕಾಲನ್ನು ಮಡಿಸಿ ೩೦ ಸೆಂಟಿಮೀಟರಿನಲ್ಲಿ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಬಗೆಯಲ್ಲಿ ಎಲುಬುಗಳಿಗೆ ತಗಲುವ ಆಘಾತವು ಸುಮಾರಾಗಿ ಹತ್ತರಲ್ಲಿ ಒಂದು ಪಾಲು. ಗರಡಿಮನೆಯ ನೆಲವನ್ನು ಹದವಾದ ಮಣ್ಣಿನಿಂದ ಮೆತ್ತಗೆ ಇಡುತ್ತಿದ್ದುದರ ಮರ್ಮವೂ ಇದೇ. ತರಬೇತಿ ಪಡೆದ ಶಿಕ್ಷಕರೂ ಮೆತ್ತೆಯೂ ಇಲ್ಲದೆ ಸೊಂಟದೆತ್ತರಕ್ಕಿಂತ ಮೇಲೆ ಯಾರನ್ನೂ ಹತ್ತಿಸಬಾರದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒಲ್ಲದ ಮಗುವನ್ನು ಹಲಗೆಯ ಮೇಲೆ ನಿಲ್ಲಿಸುವುದೂ, ಬಿದ್ದವನನ್ನು ನೋಡಿ ನಗುವುದೂ ಕಿರುಕುಳವೇ ಸರಿ.

ಕಲಿಸುವವರು ಯಾರು? ಇಲ್ಲಿ ಒಂದು ಹಳೆಯ ಋಣವನ್ನು ನೆನೆಯಬೇಕಾಗಿದೆ. ನಮ್ಮ ಆಡುಮಾತಿನಲ್ಲಿಯೂ ಪತ್ರಿಕೆಗಳಲ್ಲಿಯೂ ‘ದೊಂಬರಾಟ’ವೆಂಬುದು ನಿಂದೆಯ ಪದವಾಗಿಬಿಟ್ಟಿದೆ. ಯಾವ ವಿದ್ಯೆಯನ್ನು ಕಲಿಯಲು ಪರದೇಶದ ಶಾಲೆಗಳು ಶುಲ್ಕ ಕೊಟ್ಟು ಶಿಕ್ಷಕರನ್ನು ಕರೆಸುತ್ತವೆಯೋ, ಅದನ್ನು ತಲೆಮಾರುಗಳಿಂದ ಬಲ್ಲ ಜನರ ಹೆಸರನ್ನೇ ನಾವು ಬೈಗುಳವಾಗಿ ಬಳಸುತ್ತೇವೆ. ಆ ಕುಟುಂಬಗಳ ಮಕ್ಕಳು ಊರಿಂದೂರಿಗೆ ಅಲೆಯುತ್ತ ಶಾಲೆಯನ್ನು ಬಿಟ್ಟುದೂ ಉಂಟು. ಬಂದವರು ತಮ್ಮ ಕುಲದ ಕಸುಬನ್ನು ಮುಚ್ಚಿಟ್ಟುಕೊಂಡುದೂ ಉಂಟು. ಅಂಥ ಮಗುವಿನ ಅಜ್ಜನನ್ನು ಶಾಲೆಯವರು ಗುರುವೆಂದು ಕರೆದು, ಹೆಡ್ಮಾಸ್ತರರ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಗೌರವಧನವಿತ್ತು ಪಾಠ ಹೇಳಿಸಿದರೆ, ಆ ದಿನ ಆತ್ಮವಿಶ್ವಾಸ ಹೆಚ್ಚುವುದು ಉಳಿದ ಮಕ್ಕಳಿಗೆ ಮಾತ್ರವೇ? ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾನಗಲ್ಲು ತಾಲ್ಲೂಕಿನ ಶೇಷಗಿರಿಯೆಂಬ ಸಣ್ಣ ಹಳ್ಳಿಯ ಜನರು ನಾಟಕಕ್ಕಾಗಿ ತಮ್ಮೂರಿನಲ್ಲಿಯೇ ರಂಗಮಂದಿರವನ್ನು ಮಾಡಿಕೊಂಡು ಹೆಸರು ಗಳಿಸಿದ್ದಾರೆ. ಒಂದು ಊರಿಗೆ ನಾಟಕ ಸಾಧ್ಯವಾದಲ್ಲಿ ನೆರೆಯೂರಿಗೆ ಈ ವಿದ್ಯೆಯೂ ಸಾಧ್ಯ.

ಆದರೆ ಸರ್ಕಾರದ ಆಜ್ಞೆಗಾಗಿ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಮೂರು ಚೀಲಗಳನ್ನು ಹೊಲಿದುಕೊಳ್ಳಿರಿ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ೧೦ ಸಲದ ಪ್ರಯತ್ನದಲ್ಲಿ ಬೀಳದೆ ಎಷ್ಟು ಹಿಡಿತಗಳಾದುವೆಂದು ಬರೆದಿಡಿರಿ; ೩೦ ದಿನಗಳ ಬಳಿಕ ಅದನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿರಿ. ರೇಖೆಯು ನೆಟ್ಟಗೆ ಏರುವುದಿಲ್ಲ. ಕೆಲವು ದಿನ ಸಮತಟ್ಟಾಗಿ ಓಡುತ್ತದೆ, ಕೆಲವು ದಿನ ಇಳಿಯುತ್ತದೆ, ಒಂದು ದಿನ ಥಟ್ಟನೆ ಮೇಲೇರುತ್ತದೆ. ಸಮತಟ್ಟಾದ ದಿನಗಳಲ್ಲಿ ಕೈಬಿಡದಿದ್ದವರು ಯಾರೆಂಬುದನ್ನು ನಿಮ್ಮ ಗೆಳೆಯರ ನಕ್ಷೆಗಳೊಡನೆ ಹೋಲಿಸಿ ನೋಡಿರಿ. ಧೈರ್ಯದ ವಿಷಯವಾಗಿ ನಾವು ಇಲ್ಲಿ ಹೇಳಿದ ಮಾತುಗಳು ಸರಿಯೋ ತಪ್ಪೋ ಎಂಬುದನ್ನು ಆಗ ನೀವೇ ನಿರ್ಣಯಿಸಬಹುದು.